ಮಾವಿನ ಲೆಕ್ಕದಲ್ಲಿ ಇಟ್ಟ ಏಪ್ರಿಕಾಟ್

ಆ ಏಪ್ರಿಕಾಟ್ ನಿಜಕ್ಕೂ ಅಷ್ಟು ರುಚಿಯಾಗಿತ್ತೇ ಎಂದು ಈಗ ಖಚಿತವಾಗಿ ಹೇಳಲಾರೆ. ಮಸ್ಕತ್‌ನ ಮೇ ತಿಂಗಳ ಬಿಸಿಲಿನಿಂದ ತಪ್ಪಿಸಿಕೊಂಡು ಜಬಲ್ ಅಖ್ದರ್ ಬೆಟ್ಟ ಹತ್ತಿದವನಿಗೆ ಆ ತಂಪಿನಲ್ಲಿ ಮೂಲಂಗಿ ಕೊಟ್ಟರೂ ಸಿಹಿ ಅನ್ನಿಸುತ್ತಿತ್ತೋ ಏನೋ. ತೋಟಗಾರಿಕೆ ಓದಿದವನು ಒಂದು ದಿನದ ರುಚಿ ನಂಬಿ ತೀರ್ಮಾನಕ್ಕೆ ಬರಬಾರದು. ಆದರೂ ಮರದಡಿ ನಿಂತು ತಿನ್ನುತ್ತಲೇ ಇದ್ದೆ.

ತೋಟ ಒಬ್ಬ ನಿವೃತ್ತ ಶಾಲಾ ಶಿಕ್ಷಕಿಯದು. ಬೆಟ್ಟದ ಮೆಟ್ಟಿಲುಗದ್ದೆಗಳಲ್ಲಿ ಅವರ ಅಜ್ಜ ನೆಟ್ಟ ಮರಗಳು; ನೀರು ಊರವರು ಸರದಿಯಲ್ಲಿ ಹಂಚಿಕೊಳ್ಳುವ ಫಲಜ್ ಕಾಲುವೆಯದು. ಆ ಮರಗಳನ್ನು ಕಡಿದು ದಾಳಿಂಬೆ ಹಾಕಬೇಕೆಂದು ಅವರ ತಮ್ಮನ ಹಟ. ದಾಳಿಂಬೆ ವಾರಗಟ್ಟಲೆ ಕೆಡದು, ಏಪ್ರಿಕಾಟ್ ಮಸ್ಕತ್ ಮುಟ್ಟುವಷ್ಟರಲ್ಲಿ ಮುದ್ದೆ. ಕೊನೆಗೆ ಅಕ್ಕ ತಮ್ಮ ಒಪ್ಪಂದಕ್ಕೆ ಬಂದಿದ್ದರು: ಮಸ್ಕತ್‌ನ ಹೋಟೆಲೊಂದು ಹಣ್ಣು ಕೊಂಡರೆ ಮರ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಹಣ್ಣು ವಾರವಾದರೂ ತಡೆಯಬೇಕು ಎಂದಿದ್ದರು ಹೋಟೆಲಿನವರು. ಹಾಗಾಗಿ ಅದು ನಾನು ಕೆಲಸ ಮಾಡುವ ಕೋಲ್ಡ್ ಸ್ಟೋರೇಜಿಗೆ ಬಂತು.

ಮೊದಲ ಕೊಯ್ಲು ಬಂದಾಗ ನಾನು ಕೆಲಸದ ಮೇಲೆ ಕರಾವಳಿಯ ಸುವೈಕ್ ಊರಿಗೆ ಹೋಗಿದ್ದೆ. ನಮ್ಮ ಮ್ಯಾನೇಜರು ಉಡುಪಿ ಕಡೆಯವರು, ಮಾವಿನ ವ್ಯಾಪಾರದಲ್ಲೇ ತಲೆ ಹಣ್ಣಾದವರು. ತೀರಾ ತಂಪಾದರೆ ಮಾವಿನ ಸಿಪ್ಪೆ ಕಪ್ಪಾಗುತ್ತದಲ್ಲ, ಅದೇ ಕಾಳಜಿಯಿಂದ ಪೆಟ್ಟಿಗೆಗಳನ್ನು ಹದವಾದ ತಂಪಿನ ಕೋಣೆಯಲ್ಲಿ ಇಡಿಸಿದ್ದರು. ವಾರದ ಮೇಲೆ ತೆಗೆದು ನೋಡಿದರೆ ಹೊರಗೆ ಬಣ್ಣ ಚೆಂದ, ಕಚ್ಚಿದರೆ ರಸವಿಲ್ಲ, ಒದ್ದೆ ಹಿಟ್ಟು.

ಈ ಹಣ್ಣಿಗೆ ನಡುವಿನ ತಂಪೇ ಶತ್ರು, ನೀರು ಹೆಪ್ಪುಗಟ್ಟುವ ಮಟ್ಟದ ಹತ್ತಿರಕ್ಕೇ ಇಳಿಸಬೇಕು ಎಂದು ಮ್ಯಾನೇಜರಿಗೆ ಹೇಳಿದೆ.

"ಅದನ್ನು ನಿಮ್ಮ ಪುಸ್ತಕ ಹೇಳ್ತದಾ, ಹಣ್ಣು ಹೇಳ್ತದಾ ಮಾರಾಯ್ರೆ?"

ಕೈಯಲ್ಲಿದ್ದ ಅರ್ಧ ಹಣ್ಣು ಅವರ ಮುಂದೆ ಹಿಡಿದೆ. ತಿಂದರು. ಖಲಾಸ್, ಇನ್ನು ನಿಮ್ಮ ಇಷ್ಟ ಎಂದರು. ಅಥವಾ ಬರೀ ತಲೆಯಾಡಿಸಿದರೋ, ಮಾತು ನಾನು ಆಮೇಲೆ ಸೇರಿಸಿಕೊಂಡದ್ದೋ.

ಶಿಕ್ಷಕಿಗೆ ಫೋನ್ ಮಾಡುವಾಗ ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ನೀಲಿ ಚಾಕ್‌ಪೀಸಿನ ಗುರುತಿದ್ದ ಪೆಟ್ಟಿಗೆ ಹೇಗಿತ್ತು? ಅಜ್ಜನ ಮರಗಳ ಹಣ್ಣನ್ನು ಅವರು ಬೇರೆ ತುಂಬಿಸಿದ್ದರು. ಆ ಮರಗಳಿಗೆ ಆಡಿನ ಗೊಬ್ಬರ ಮಾತ್ರ. ಕಾಯಿ ಎಳೆಯದಾಗಿರುವಾಗಲೇ ಒತ್ತಾಗಿದ್ದವನ್ನು ಕಿತ್ತು ಹಾಕುತ್ತಿದ್ದರು. ಕೆಳಗಿನ ಹೊಸ ಸಾಲು, ದಾಳಿಂಬೆಯ ಹುಚ್ಚು ಹತ್ತುವ ಮೊದಲು ತಮ್ಮ ನೆಟ್ಟ ಏಪ್ರಿಕಾಟ್. ಅದಕ್ಕೆ ಡ್ರಿಪ್ ನೀರು, ಧಾರಾಳ ಯೂರಿಯಾ, ಹಣ್ಣು ದಪ್ಪ. ಹೆಚ್ಚು ಹಾಳಾದದ್ದು ಆ ದಪ್ಪ ಹಣ್ಣೇ, ನೀಲಿ ಗುರುತಿನ ಪೆಟ್ಟಿಗೆಯದು ಅಷ್ಟು ಕೆಟ್ಟಿರಲಿಲ್ಲ. ಯಾರೂ ಹೇಳದೆಯೇ ಒಂದು ಪ್ರಯೋಗ ಹೂಡಿದ್ದರಲ್ಲ ಎಂದು ನನಗೆ ಬಹಳ ಖುಷಿಯಾಯಿತು.

ಎರಡನೆಯ ಕೊಯ್ಲಿಗೆ ನಾನೇ ಬೆಟ್ಟಕ್ಕೆ ಹೋದೆ; ಮರದಡಿ ನಿಂತು ತಿಂದದ್ದು ಆಗಲೇ. ಮಸ್ಕತ್‌ನ ಹಮ್ರಿಯಾದ ನನ್ನ ಫ್ಲ್ಯಾಟಿನಲ್ಲಿ ಕಾಯುತ್ತ ಕೂರುವುದು ಆಗಲಿಲ್ಲ. ಮಾವಾದರೆ ಬಲಿತ ಕಾಯಿ ಕೊಯ್ದು ಹುಲ್ಲಿನಲ್ಲಿಟ್ಟರೆ ಹಣ್ಣಾಗಿ ಸಿಹಿಯಾಗುತ್ತದೆ. ಏಪ್ರಿಕಾಟ್ ಹಸಿರಿನಲ್ಲೇ ಕೊಯ್ದರೆ ಮೆತ್ತಗಾಗುತ್ತದೆ, ಸಿಹಿ ಏರುವುದಿಲ್ಲ. ಪೂರ್ತಿ ಹಣ್ಣಾಗಲು ಬಿಟ್ಟರೆ ತಡೆಯುವುದಿಲ್ಲ. ನಮ್ಮಲ್ಲಿ ದೋರೆಗಾಯಿ ಎನ್ನುತ್ತೇವಲ್ಲ, ಕಾಯಿಯೂ ಅಲ್ಲ ಹಣ್ಣೂ ಅಲ್ಲ, ಆ ಹೊತ್ತು ಹಿಡಿಯಬೇಕು. ಆ ಪದವನ್ನು ಇಂಗ್ಲಿಷಿನಲ್ಲಿ ವಿವರಿಸಲು ನಾನು ಒದ್ದಾಡುತ್ತಿದ್ದರೆ ಶಿಕ್ಷಕಿ ತೊಟ್ಟಿನ ಪಕ್ಕ ಹೆಬ್ಬೆರಳಿಟ್ಟು ಒತ್ತಿ, ಒಂದನ್ನು ಕಿತ್ತು, ಮೂರನ್ನು ಮರದಲ್ಲೇ ಬಿಟ್ಟು ಮುಂದೆ ಹೋಗಿದ್ದರು. ಬೆಳಗಿನ ತಂಪಿನಲ್ಲಿ ಒಂದೇ ಮರಕ್ಕೆ ಮತ್ತೆ ಮತ್ತೆ ಮರಳಿದರು. ಕಿತ್ತದ್ದರ ಮೇಲೆ ಒದ್ದೆ ಗೋಣಿ ಹೊದಿಸಿದರು. ಅಕ್ಕ ಮಕ್ಕಳನ್ನು ಪರೀಕ್ಷೆಗೆ ಕಳಿಸುತ್ತಿದ್ದಾಳೆ ಎಂದು ತಮ್ಮ ಗೇಲಿ ಮಾಡಿದ.

ಈ ಸಲ ಹಣ್ಣು ಬಂದ ಸಂಜೆಯೇ ಕೋಣೆಯ ತಂಪನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿದೆವು. ಮ್ಯಾನೇಜರು ಎರಡು ಬಾರಿ ಬಂದು ಬಾಗಿಲು ಮುಚ್ಚಿದೆಯೇ ಎಂದು ನೋಡಿದರು. ವಾರ ಕಳೆದ ಮೇಲೆ ಹೋಟೆಲಿನ ಮುಖ್ಯ ಬಾಣಸಿಗ ತಮ್ಮನ ಸಾಲಿನ ದಪ್ಪ ಹಣ್ಣು, ಅಜ್ಜನ ಮರದ ಚಿಕ್ಕ ಹಣ್ಣು, ಎರಡನ್ನೂ ತಿಂದ. ದಪ್ಪ ಹಣ್ಣು ಬೇಡ, ಚಿಕ್ಕದು ಎಷ್ಟಿದ್ದರೂ ಕಳಿಸಿ ಎಂದ.

ತಕ್ಷಣ ಬೆಟ್ಟಕ್ಕೆ ಫೋನ್ ಮಾಡಿದೆ. ಕೃಷಿ ಓದಿದವರನ್ನು ಇಲ್ಲಿ ಮುಹಂದಿಸ್, ಅಂದರೆ ಎಂಜಿನಿಯರ್ ಎಂದೇ ಕರೆಯುತ್ತಾರೆ.

"ಯಾ ಮುಹಂದಿಸ್, ದಪ್ಪದ್ದು ಬೇಡ ಎಂದರೇ?" ಶಿಕ್ಷಕಿ ಕೇಳಿದರು. "ಇನ್ನೊಮ್ಮೆ ಹೇಳಿ. ಸ್ಪೀಕರ್ ಹಾಕಿದ್ದೇನೆ, ತಮ್ಮ ಇಲ್ಲೇ ಇದ್ದಾನೆ."

ಇನ್ನೊಮ್ಮೆ ಹೇಳಿದೆ, ಜೋರಾಗಿ. ಬಾಣಸಿಗ ಆಡದ ಒಂದೆರಡು ಹೊಗಳಿಕೆಯೂ ಆ ಸಲ ಸೇರಿಕೊಂಡಿರಬೇಕು.