ಹಾಸಿನೊಳಗೆ ಹೋದ ಎಂಟು ಹಾಳೆ

ಹೊಳಪು ಕಾಗದದ ಮಸಿಯ ವಾಸನೆ ಬಂದರೆ ನನಗೆ ಇವತ್ತಿಗೂ ನೂಲಿನ ಗಂಜಿಯ ವಾಸನೆ ನೆನಪಾಗುತ್ತದೆ. ರಬಕವಿಯ ನಮ್ಮ ಮನೆಯಲ್ಲಿ ಎರಡೂ ಕೂಡಿಯೇ ಇದ್ದವು. ನಾವು ಮುಂಬಯಿ ರಾಜ್ಯದವರಾಗಿದ್ದ ಕಾಲ ಅದು. ಮುಂಬಯಿ ಬಂದರಿನಲ್ಲಿ ದುಡಿದು ಬಂದಿದ್ದ ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಅಮೆರಿಕದ ಕಪ್ಪು ನಾವಿಕನೊಬ್ಬ ಒಂದು ಪತ್ರಿಕೆ ಕೊಟ್ಟಿದ್ದ. ಅಲ್ಲಿನ ಕಪ್ಪು ಜನರೇ ತಮ್ಮವರಿಗಾಗಿ ನಡೆಸುತ್ತಿದ್ದ ಪತ್ರಿಕೆ. ಬೇರೆಯವರ ಪತ್ರಿಕೆಗಳಲ್ಲಿ ಕಳವಿನ ಸುದ್ದಿಗೆ ಮಾತ್ರ ಬರುತ್ತಿದ್ದ ಮುಖಗಳು ಇಲ್ಲಿ ಡಾಕ್ಟರರಾಗಿ, ಮಾಸ್ತರರಾಗಿ, ಮದುಮಕ್ಕಳಾಗಿ ನಗುತ್ತಿದ್ದವು. ನಾನು ಎಣಿಸಿ ದಿನಚರಿಯಲ್ಲಿ ಬರೆದಿದ್ದೆ: ನಗುವ ಮುಖ ನಲವತ್ತೊಂದು. ಪತ್ರಿಕೆ ಹುಟ್ಟಿ ಬೆಳೆದ ಕಥೆ ಎಂಟು ಹಾಳೆಗಳಲ್ಲಿತ್ತು. ಅರ್ಥಕೋಶ ಹಿಡಿದು ಓದಲೆಂದು ಕಾಕಾ ಅವನ್ನು ಬಿಡಿಸಿಟ್ಟಿದ್ದ. ಅಮಾವಾಸ್ಯೆಗೆ ಊರಿನ ಯಾವ ಮಗ್ಗವೂ ನಡೆಯುತ್ತಿರಲಿಲ್ಲ. ಆ ದಿನ ವಾಚನಾಲಯದಲ್ಲಿ ಕಥೆಯನ್ನು ಕನ್ನಡದಲ್ಲಿ ಹೇಳಿ, ನೇಕಾರರೂ ತಮ್ಮದೊಂದು ಪತ್ರಿಕೆ ತೆಗೆಯುವಂತೆ ಒಪ್ಪಿಸಬೇಕೆಂದು ಅವನ ಹಟ.

ಒಂಬತ್ತು ದಿನ ಮೊದಲು ಹಾಳೆಗಳು ಕಾಣದಾದವು. ಬಟ್ಟೆಯ ಉದ್ದಕ್ಕೆ ಬರುವ ಹಾಸಿನ ನೂಲನ್ನು ಮಗ್ಗದ ದಿಂಡಿಗೆ ಸುತ್ತುವಾಗ ಎಳೆಗಳು ಒಂದರೊಳಗೊಂದು ಹುಗಿಯದಂತೆ ಸುತ್ತುಗಳ ನಡುವೆ ದಪ್ಪ ಕಾಗದ ಇಡುತ್ತಿದ್ದೆವು. ಓದು ಬಾರದ ನಮ್ಮ ಅಜ್ಜಿ, ನಾವು ಆಯಿ ಎನ್ನುತ್ತಿದ್ದವಳು, ಮೇಲಿನಿಂದ ಒಂದೊಂದಾಗಿ ಎಂಟನ್ನೂ ಒಳಗೆ ಸುತ್ತಿಬಿಟ್ಟಿದ್ದಳು. "ನುಣ್ಣಗಿದ್ದುವು, ಇಟ್ಟೆ. ಈಗ ಬಿಚ್ಚತಿ ಏನಲೇ? ಎಳಿ ಎಲ್ಲಾ ಗಂಟ ಬೀಳತಾವ." "ಬಿಚ್ಚೂದಿಲ್ಲ ಬೇ ಯವ್ವಾ. ನೇಯ್ದ ತಗೀತೇನಿ," ಎಂದ ಕಾಕಾ.

ನೇಯ್ದ. ಹಾಸು ಬಿಚ್ಚಿಕೊಂಡಂತೆ ಹಾಳೆಗಳು ಹೊರಬಿದ್ದವು, ಕೊನೆಗೆ ಸುತ್ತಿದ್ದ ಎಂಟನೆಯದು ಮೊದಲು. ಹಾಗಾಗಿ ಕಥೆ ನಮಗೆ ತುದಿಯಿಂದ ಬಂತು: ಮೊದಲು ದೇಶ ತುಂಬ ಓದುಗರು, ಆಮೇಲೆ ಜಾಹೀರಾತು ಕೊಡಲೊಲ್ಲದ ಅಂಗಡಿಗಳು, ಆಮೇಲೆ ಒಂದೇ ಕೋಣೆಯ ಕಚೇರಿ. ದಿನಕ್ಕೆ ಎಷ್ಟು ಮೊಳ, ಯಾವ ಹಾಳೆ ಎಂದು ಬರೆಯುತ್ತ ಹೋದೆ. ಅಮಾವಾಸ್ಯೆಯ ಹಿಂದಿನ ಸಂಜೆಗೆ ಏಳು ಬಂದಿದ್ದವು. ಯಾಕೆ ಶುರುಮಾಡಿದರೆಂಬ ಮೊದಲ ಹಾಳೆ ಒಳಗೇ ಉಳಿದಿತ್ತು. "ಆತು ಬಿಡು. ಶುರುನ ಇಲ್ಲದ ಕಥಿ ಯಾರ ಕೇಳತಾರ?" ಎಂದು ಕಾಕಾ ಲಾಳಿ ಕೆಳಗಿಟ್ಟ.

ಮರುದಿನ ಮುಂಜಾನೆ ಇಡೀ ಓಣಿ ಸುಮ್ಮನಿತ್ತು. ನಮ್ಮ ಮನೆಯಲ್ಲಿ ಮಾತ್ರ ಮಗ್ಗ ಬಡಿಯುತ್ತಿತ್ತು. ಜೀವಮಾನದಲ್ಲಿ ಅಮಾವಾಸ್ಯೆಗೆ ಲಾಳಿ ಮುಟ್ಟದ ಆಯಿ ಕೂತು ನೇಯುತ್ತಿದ್ದಳು. ನೆರೆಮನೆಯ ಮುದುಕಿ ಬಾಗಿಲಿಗೆ ಬಂದು, "ಇವತ್ತ ಅಮಾಸಿ, ನೆನಪೈತಿಲ್ಲೋ?" ಎಂದಳು. "ಐತಿ. ಸುತ್ತಿದಾಕಿ ನಾನ, ತಗಿಯಾಕಿನೂ ನಾನ. ದೇವರ ಜೋಡಿ ನಾ ಮಾತಾಡತೇನಿ, ನೀ ಮನಿಗಿ ಹೋಗ."

ಆಯಿ ನೇಯ್ದು ತೆಗೆದ, ಮೈತುಂಬ ಎಳೆಗಳ ಗೆರೆ ಮೂಡಿದ್ದ ಆ ಮೊದಲ ಹಾಳೆಯನ್ನು ಕಾಕಾ ಮಧ್ಯಾಹ್ನ ವಾಚನಾಲಯದಲ್ಲಿ ಮೊದಲು ಓದಿದ. ನೇಕಾರರು ಒಪ್ಪಿದರು. ಅವರ ಕೈಬರಹದ ಪತ್ರಿಕೆ ಹನ್ನೊಂದು ಸಂಚಿಕೆ ನಡೆಯಿತು. ಈಗ ಆ ಸಂಚಿಕೆಗಳಿಲ್ಲ, ಕಾಕಾ ಇಲ್ಲ, ಆಯಿ ಇಲ್ಲ. ಇಂಥದ್ದನ್ನು ನೀವೂ ಕಳೆದುಕೊಂಡಿರುತ್ತೀರಿ. ಅಂದು ಅವಳು ನೇಯ್ದ ಒಂದು ಮೊಳ, ಸೀರೆಯೊಂದರ ಒಡಲೊಳಗೆ ಸೇರಿ ಸಂತೆಗೆ ಹೋಯಿತು. ಉಟ್ಟವಳು ಯಾರೋ, ನನಗೆ ಗೊತ್ತಿಲ್ಲ.