ಗೃಹವಿಜ್ಞಾನದ ಮೇಜಿನ ಮೇಲೆ ಹೋಳಿಗೆ

ಮೊರದ ತುಂಬ ಜೋಳ ಹಾಕಿಕೊಂಡು ನೆಲದ ಮೇಲೆ ಕೂತು ಹಸನು ಮಾಡುತ್ತಿದ್ದೆ. ಕರೆಂಟು ಇರುವಾಗಲೇ ತಂದುಬಿಡಿ ಎಂದು ಗಿರಣಿಯವನು ಹೇಳಿದ್ದ. ಅಷ್ಟರಲ್ಲಿ ಮಗಳ ಫೋನು ಬಂತು.

“ಅವ್ವಾ, ನಾಳೆ ಕಮಿಟಿಯವರು ಬರ್ತಾರ. ನನಗ ಊಟದ ಜವಾಬ್ದಾರಿ ಕೊಟ್ಟಾರ.”

“ಮತ್ತ ನಿನ್ನ ವಿಭಾಗ ಯಾರು ತೋರಸ್ತಾರ?”

“ಊಟ ಆದಮ್ಯಾಲ ಟೈಮ್ ಉಳದ್ರ ನೋಡೂಣು ಅಂದ್ರು.”

ಮಗಳು ಇಲ್ಲೇ ವಿಜಯಪುರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಗೃಹವಿಜ್ಞಾನ ಕಲಿಸುತ್ತಾಳೆ. ಓದಲು ಬರುವ ಹುಡುಗಿಯರು ಕಡಿಮೆಯಾದರೆಂದು ಅವಳ ವಿಭಾಗವನ್ನು ಮುಚ್ಚುವ ಮಾತು ನಡೆದಿತ್ತು. ಯಾವುದನ್ನು ಉಳಿಸಬೇಕು, ಯಾವುದನ್ನು ಮುಚ್ಚಬೇಕು ಎಂದು ನೋಡುವುದಕ್ಕೇ ಈ ಕಮಿಟಿ ಬರುವುದು. ವಿಭಾಗ ಹೋದರೆ ಅವಳ ಕೆಲಸವೂ ಹೋಯಿತು. ಭೌತಶಾಸ್ತ್ರದವರು ಉಪಕರಣ ತೋರಿಸಬೇಕು, ಇತಿಹಾಸದವರು ಹಳೆಯ ನಾಣ್ಯ ತೋರಿಸಬೇಕು, ನನ್ನ ಮಗಳು ಸಾರಿಗೆ ಒಗ್ಗರಣೆ ಕೊಡಬೇಕು. ಹೋಳಿಗೆ ಇರಲೇಬೇಕೆಂದು ಪ್ರಾಚಾರ್ಯರು ಬೇರೆ ಹೇಳಿದ್ದರು.

ನನಗೆ ಇದು ಹೊಸದಲ್ಲ. ನಾನು ಕಲಿತ ಬಬಲೇಶ್ವರದ ಸಾಲಿಯಲ್ಲಿ ನಮಗೂ ಗೃಹವಿಜ್ಞಾನದ ಅಕ್ಕೋರು ಒಬ್ಬರಿದ್ದರು. ತಪಾಸಣೆಗೆ ಸಾಹೇಬರು ಬಂದರೆ ನಮ್ಮ ಪಾಠ ನಿಲ್ಲುತ್ತಿತ್ತು, ಉಪ್ಪಿಟ್ಟು ಶುರುವಾಗುತ್ತಿತ್ತು. ಸಾಹೇಬರು ಗಣಿತದ ತರಗತಿ ನೋಡಿ, ವಿಜ್ಞಾನದ ತರಗತಿ ನೋಡಿ, ನಮ್ಮ ಉಪ್ಪಿಟ್ಟು ತಿಂದು ಹೋಗುತ್ತಿದ್ದರು. ನಮಗೆ ಅಕ್ಕೋರು ಏನು ಕಲಿಸಿದರೆಂದು ಒಬ್ಬರೂ ಕೇಳಲಿಲ್ಲ.

ಮಗಳು ಈ ವಿದ್ಯೆಯ ಚರಿತ್ರೆಯನ್ನು ಊಟಕ್ಕೆ ಕೂತಾಗೆಲ್ಲ ಹೇಳುತ್ತಾಳೆ, ನನಗೆ ಬಾಯಿಪಾಠವೇ ಆಗಿದೆ. ಪರದೇಶದಲ್ಲಿ ರಸಾಯನಶಾಸ್ತ್ರ ಓದಿದ ಹೆಂಗಸರಿಗೆ ಪ್ರಯೋಗಾಲಯದ ಬಾಗಿಲು ಸುಲಭಕ್ಕೆ ತೆರೆಯದ ಕಾಲದಲ್ಲಿ, ಅವರು ಕುಡಿಯುವ ನೀರು, ತಿನ್ನುವ ಹಿಟ್ಟು ಪರೀಕ್ಷಿಸಿ ಮನೆಯನ್ನೇ ಒಂದು ಶಾಸ್ತ್ರ ಮಾಡಿಕೊಂಡರಂತೆ. ನಮ್ಮಲ್ಲಿ ಮಗಳನ್ನು ಕಾಲೇಜಿಗೆ ಕಳಿಸಲು ಅಂಜುವ ಅಪ್ಪಂದಿರೂ ಈ ವಿಷಯಕ್ಕಾದರೆ ಹೂಂ ಎನ್ನುತ್ತಿದ್ದರು. ಹಾಗೆ ಓದಿದವರು ಹಳ್ಳಿಗಳಿಗೆ ಹೋಗಿ ಹೊಗೆಯಿಲ್ಲದ ಒಲೆ ಹಾಕಿಸಿದರು, ದವಾಖಾನೆಗಳಲ್ಲಿ ಪಥ್ಯ ಹೇಳಿದರು, ಅಂಗನವಾಡಿಗಳನ್ನು ನೋಡಿಕೊಂಡರು. ಇಷ್ಟೆಲ್ಲ ಆದ ಮೇಲೂ ಜಲನಗರದ ನಮ್ಮ ಓಣಿಯಲ್ಲಿ ಕೇಳುವ ಪ್ರಶ್ನೆ ಒಂದೇ: “ಅಡಗಿ ಕಲ್ಯಾಕ ಕಾಲೇಜ್ ಯಾಕ ಬೇಕ್ರಿ?” ಉತ್ತರ ಕೊಟ್ಟು ಕೊಟ್ಟು ನನ್ನ ಬಾಯಿ ಒಣಗಿದೆ.

“ಊಟ ನಾ ಮಾಡಿ ತರ್ತೀನಿ,” ಎಂದೆ ಮಗಳಿಗೆ. “ನೀ ನಿನ್ನ ಕೋಣಿ ಬಿಟ್ಟು ಅಲುಗಾಡಬ್ಯಾಡ.”

ಮರುದಿನ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಹೂರಣಕ್ಕೆ ಕೂತೆ. ನಮ್ಮ ಮನೆಯವರು ಪೇಪರ್ ಹಿಡಿದುಕೊಂಡೇ ಬಂದು ನೋಡಿದರು. “ಮಗಳು ಎಂ.ಎಸ್ಸಿ. ಮಾಡ್ಯಾಳ, ಹೂರಣ ನೀ ರುಬ್ಬಾಕತ್ತಿ. ಚಲೋ ಐತಿ ನಿಮ್ಮ ವಿಜ್ಞಾನ.”

“ನಿಮಗೂ ಒಂದು ಪದವಿ ಕೊಡ್ತೀನಿ ಬರ್ರಿ, ಬೆಲ್ಲ ಕುಟ್ರಿ.”

ಕುಟ್ಟಿದರು. ಅದೂ ಶಿವನ ದಯೆ.

ಡಬ್ಬಿಗಳನ್ನು ಆಟೋದಲ್ಲಿ ಹೇರಿಕೊಂಡು ಕಾಲೇಜಿಗೆ ಹೋದರೆ ಮಗಳ ಮುಖ ಸುಟ್ಟ ಬದನೆಕಾಯಿ ಹಾಗೆ ಆಗಿತ್ತು. ಊಟಕ್ಕೆ ಮೇಜು ಸಾಲವೆಂದು ಅವಳ ವಿಭಾಗದ ಮೇಜನ್ನೇ ಎತ್ತಿಕೊಂಡು ಹೋಗಿ, ಬಿಳಿ ಬಟ್ಟೆ ಹೊದಿಸಿ ತಟ್ಟೆ ಜೋಡಿಸಿದ್ದರು. ಅದು ಊಟದ ಮೇಜಲ್ಲ, ಒಣದ್ರಾಕ್ಷಿ ಹಸನು ಮಾಡುವ ಮೇಜು. ನನ್ನ ಗಂಡನ ಊರು ತಿಕೋಟಾ. ನನ್ನ ನಾದಿನಿ ಅಲ್ಲೇ ಶೆಡ್ಡಿನಲ್ಲಿ ಒಣದ್ರಾಕ್ಷಿಯೊಳಗಿನ ಕೆಟ್ಟದ್ದನ್ನು ಆರಿಸಿ ತೆಗೆಯಲು ಹೋಗುತ್ತಾಳೆ. ದಿನವಿಡೀ ನೆಲದ ಮೇಲೆ ಕಾಲು ಮಡಚಿ ಕೂತು ಅವಳ ಬೆನ್ನು ನೆಟ್ಟಗಾಗುವುದೇ ಇಲ್ಲ. ಮಗಳು ತನ್ನ ಹುಡುಗಿಯರನ್ನು ಕಟ್ಟಿಕೊಂಡು ಬಸ್ಸಿನಲ್ಲಿ ತಿಕೋಟಾಕ್ಕೆ ಹೋಗಿ, ಆ ಹೆಂಗಸರ ಮೊಣಕೈ, ಮೊಣಕಾಲಿನ ಎತ್ತರ ಅಳೆದುಕೊಂಡು ಬಂದು, ಕಾಲು ಇಳಿಬಿಟ್ಟು ಕೂತು ಆರಿಸುವಂಥ ಮೇಜು ಮಾಡಿಸಿದ್ದಳು. ನಡುವೆ ಒಂದು ದುಂಡನೆಯ ತೂತು. ಕೆಟ್ಟ ಹಣ್ಣು ಅದರೊಳಗೆ ತಳ್ಳಿದರೆ ಕೆಳಗಿನ ಬುಟ್ಟಿಗೆ ಬೀಳುತ್ತದೆ. ಕಮಿಟಿಗೆ ತೋರಿಸಬೇಕೆಂದಿದ್ದದ್ದು ಅದೊಂದನ್ನೇ. ಈಗ ಅದರ ಮೇಲೆ ನನ್ನ ಹೋಳಿಗೆ.

“ಮೇಜು ಕಡಿಮಿ ಬಿದ್ದುವ್ರಿ, ಅಮ್ಮಾವ್ರ,” ಎಂದರು ಪ್ರಾಚಾರ್ಯರು, ದೊಡ್ಡ ಉಪಾಯ ಮಾಡಿದವರಂತೆ.

ಕಮಿಟಿಯ ಮೂವರು ಬಂದು ಕೂತರು. ಪ್ರಾಚಾರ್ಯರು ಮಗಳನ್ನು ಕರೆದು, “ಮೇಡಂ, ನೀವ ಬಡಸ್ರಿ. ನಿಮಗ ರೂಢಿ ಐತಲ್ಲ,” ಎಂದರು. ನನಗೆ ತಡೆಯಲಾಗಲಿಲ್ಲ. ಸವುಟನ್ನು ತೆಗೆದು ಪಕ್ಕದಲ್ಲಿ ನಿಂತಿದ್ದ ಭೌತಶಾಸ್ತ್ರದ ಸರ್ ಕೈಗೆ ಕೊಟ್ಟೆ.

“ಆಕಿ ವಿಭಾಗ ತೋರಸಾಕ ಹುಡುಗ್ಯಾರ್ನ ತಯಾರ ಮಾಡಬೇಕ್ರಿ ಸರ. ನೀವ ಬಡಸ್ರಿ.”

“ನನಗ ಬರೂದಿಲ್ರಿ.”

“ನಿಮ್ಮ ಭೌತಶಾಸ್ತ್ರಕಿಂತ ಸರಳ ಐತ್ರಿ.”

ಮಗಳು ತನ್ನ ಕೋಣೆಗೆ ಹೋದಳು. ಪಾಪ, ಆ ಸರ್ ಸಾರಿನ ದೊಡ್ಡ ಬಟ್ಟಲನ್ನು ತಂದು ಸರಿಯಾಗಿ ಮೇಜಿನ ನಡುವೆಯೇ ಇಟ್ಟರು. ಬಟ್ಟೆ ಕುಸಿಯಿತು, ಬಟ್ಟಲು ವಾಲಿತು, ಸಾರು ಕೆಳಗಿಳಿದು ಕಮಿಟಿಯ ಹಿರಿಯರ ಬೂಟಿನ ಮೇಲೆ ಬಿತ್ತು. ಅವರು ಬಟ್ಟೆ ಎತ್ತಿ ಬಗ್ಗಿ ನೋಡಿದರು.

“ಇದೇನ್ರಿ, ಮೇಜಿಗೆ ತೂತು?”

ಪ್ರಾಚಾರ್ಯರು ಫ್ಯಾನಿನ ಕಡೆ ನೋಡಿದರು. ನಾನು ಬಾಗಿಲಿಗೆ ಹೋಗಿ ಕೂಗಿದೆ. “ಬಾರಬೇ, ಸಾಹೇಬ್ರು ನಿನ್ನ ಮೇಜು ನೋಡಾಕತ್ತಾರ.”

ಅವಳು ಬಂದಳು. ತಟ್ಟೆ ಸರಿಸಿದಳು, ಬಟ್ಟೆ ತೆಗೆದಳು, ಕೋಣೆಯಿಂದ ತಂದಿದ್ದ ಒಂದು ಹಿಡಿ ಒಣದ್ರಾಕ್ಷಿ ಸುರಿದಳು. “ನೀವ ಆರಿಸಿ ನೋಡ್ರಿ ಸರ,” ಎಂದಳು. ಹಿರಿಯರು ಆರಿಸಿದರು. ನೆಲದ ಮೇಲೆ ಕೂತು ಆರಿಸಿದರೆ ಬೆನ್ನಿಗೆ ಏನಾಗುತ್ತದೆ, ಇಲ್ಲಿ ಏನಾಗುವುದಿಲ್ಲ ಎಂದು ಅವಳು ನಿಂತಲ್ಲೇ ಹೇಳುತ್ತಾ ಹೋದಳು. ಇನ್ನೊಬ್ಬರು ಹೋಳಿಗೆ ಬಿಟ್ಟು ಎದ್ದು ಬಂದರು. ಮೂರನೆಯವರು ಮಾತ್ರ ತುಪ್ಪ ಕೇಳಿದರು.

ಹೊರಡುವಾಗ ಹಿರಿಯರು ಹೇಳಿದ್ದು ಇಷ್ಟು: “ಈ ವರ್ಷ ಮುಚ್ಚುವುದು ಬೇಡ. ಹುಡುಗಿಯರನ್ನು ಸೇರಿಸಿ, ನೋಡೋಣ.” ಒಂದು ವರ್ಷ. ಶಿವನಲ್ಲಿ ಬೇಡಿದ್ದು ಅದಕ್ಕಿಂತ ದೊಡ್ಡದು, ಆದರೆ ಸಿಕ್ಕಿದ್ದಕ್ಕೆ ಅಲ್ಲೇ ಕೈ ಮುಗಿದೆ.

ಪ್ರಾಚಾರ್ಯರು ನಗುನಗುತ್ತ ಬಂದರು. “ಅಮ್ಮಾವ್ರ, ನಿಮ್ಮ ಹೋಳಿಗಿ ವಿಭಾಗ ಉಳಿಸಿತು ನೋಡ್ರಿ.”

ನಾಲಿಗೆಯ ತುದಿಗೆ ಬಂದದ್ದನ್ನು ಶಿವನಿಗೇ ಒಪ್ಪಿಸಿ, ಖಾಲಿ ಡಬ್ಬಿ ಎತ್ತಿಕೊಂಡು ಮನೆಗೆ ಬಂದೆ. ಅರ್ಧ ಹಸನಾದ ಜೋಳ ನಿನ್ನೆ ಬಿಟ್ಟಲ್ಲೇ ಇತ್ತು. ಕರೆಂಟೂ ಇತ್ತು. ಮೊರ ಎತ್ತಿಕೊಂಡೆ. ನೆಲಕ್ಕೆ ಕೂರುವವಳು ಒಂದು ಗಳಿಗೆ ನಿಂತು, ಕುರ್ಚಿ ಎಳೆದುಕೊಂಡು, ಕಾಲು ಇಳಿಬಿಟ್ಟು ಕಲ್ಲು ಆರಿಸತೊಡಗಿದೆ.