ಮಾಲೆ ಹಾಕಿಕೊಂಡ ಪ್ರಿಂಟರು

ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮೊದಲು ಕುಣಿಮಗ್ಗ ಇತ್ತು. ಅದರ ಮುಂದೆ ಕೂತು ನನ್ನ ಅತ್ತೆ ಅರ್ಧ ಆಯುಷ್ಯ ಸೀರೆ ನೇಯ್ದವರು. ಮಗ್ಗ ಹೋದ ಮೇಲೆ ಆ ಕುಣಿಯನ್ನು ಕಲ್ಲುಚಪ್ಪಡಿಯಿಂದ ಮುಚ್ಚಿ, ಅದರ ಮೇಲೆ ಮೇಜು ಹಾಕಿ ನಾನು ಕಂಪ್ಯೂಟರ್ ಇಟ್ಟೆ. ಅರ್ಜಿ ತುಂಬುವುದು, ಫೋಟೊ, ಪ್ರಿಂಟು, ಇದೇ ನನ್ನ ಅಂಗಡಿ. ಮಗ್ಗ ಹೋದರೂ ಮಗ್ಗದ ಕಟ್ಟಳೆ ಹೋಗಲಿಲ್ಲ. ಕಂಪ್ಯೂಟರಿಗೆ ಕಾಲು ತಾಗಬಾರದು, ಅದರ ಮುಂದೆ ಉಗುರು ಕತ್ತರಿಸಬಾರದು, ಅಮಾಸೆಗೆ ಊದಿನಕಡ್ಡಿ ತಪ್ಪಬಾರದು. ದುಡಿದು ಅನ್ನ ಹಾಕುವ ಸಾಮಾನು ಎಂದ ಮೇಲೆ ಅತ್ತೆಗೆ ಎಲ್ಲವೂ ಒಂದೇ.

ಆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಎಂಥ ಮೈಗಳ್ಳ ಎಂದರೆ, ಒಂದು ಫೋಲ್ಡರ್ ತೆರೆಯುವುದರೊಳಗೆ ಗಿರಾಕಿ ಎದ್ದು ಮುಂದಿನ ಅಂಗಡಿಗೆ ಹೋಗಿಬಿಡುತ್ತಿದ್ದ. ನಾನು ಲಕ್ಷ್ಮೇಶ್ವರದವಳು, ಹಣೆಬರಹ ಎಂದು ಸುಮ್ಮನೆ ಕೂಡುವ ಪೈಕಿ ಅಲ್ಲ. ತಲೆಕೆಟ್ಟು ಒಂದು ದಿನ ಹಳೆಯದನ್ನೆಲ್ಲ ಅಳಿಸಿ, ವಿಡಿಯೊ ನೋಡುತ್ತ ನೋಡುತ್ತ, ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದೆ. ಅದರಲ್ಲಿ ಟರ್ಮಿನಲ್ ಎಂಬ ಕಪ್ಪು ಕಿಟಕಿ ಸಿಕ್ಕಿತು. ಚಿತ್ರ ಇಲ್ಲ, ಗುಂಡಿ ಇಲ್ಲ. ಏನು ಬೇಕೋ ಅದನ್ನು ಬರೆದು ಎಂಟರ್ ಒತ್ತಬೇಕು, ಅಷ್ಟೇ.

ಶಿರಹಟ್ಟಿಯ ಒಂದು ಶಾಲೆಯ ಮಕ್ಕಳ ಫೋಟೊಗಳನ್ನೆಲ್ಲ ಸಣ್ಣ ಮಾಡಿ, ಹೆಸರು ಬದಲಿಸಿ ಕೊಡಬೇಕಿತ್ತು. ಒಂದೊಂದಾಗಿ ಮಾಡಿದರೆ ಎರಡು ದಿನದ ಕೆಲಸ. ಹುಡುಕಿ ಹುಡುಕಿ ಒಂದು ಸಾಲು ಬರೆದೆ, ಎಂಟರ್ ಒತ್ತಿದೆ. ಕಪ್ಪು ಪರದೆಯ ಮೇಲೆ ಹೆಸರುಗಳು ಸರಸರ ಓಡಿ ನಿಂತುಬಿಟ್ಟವು. ಇಷ್ಟೇನಾ ಎಂದು ತೆರೆದು ನೋಡುತ್ತೇನೆ, ಎಲ್ಲ ಆಗಿದೆ. ನನಗೆ ಕುರ್ಚಿಯಲ್ಲಿ ಕೂಡಲಾಗಲಿಲ್ಲ. ಎದ್ದು ಓಣಿಯ ತುದಿಯವರೆಗೆ ಸುಮ್ಮಸುಮ್ಮನೆ ಹೋಗಿ ಬಂದೆ.

ಬರುವಷ್ಟರಲ್ಲಿ ಅತ್ತೆ ಪರದೆಯ ಮುಂದೆ ನಿಂತಿದ್ದರು. “ಕೆಟ್ಟೈತೇನವಾ ಇದು, ಬರೇ ಕರ್ರಗ ಕಾಣತೈತಿ?”

“ಇಲ್ರಿ ಅತ್ತಿ, ಇವತ್ತಿಂದ ನಾ ಹೇಳಿದ್ದು ಕೇಳಾಕತ್ತೈತಿ.”

“ಈ ಮನ್ಯಾಗ ಅದಾದ್ರೂ ಕೇಳ್ಲಿ ಬಿಡು,” ಎಂದು ಅತ್ತೆ ಒಳಗೆ ಹೋದರು.

ಆಮೇಲೆ ನನಗೆ ಹುಚ್ಚೇ ಹಿಡಿಯಿತು. ಸಾಲಿನ ಆರಂಭದಲ್ಲಿ ಕಾಣುವ ಡಾಲರ್ ಚಿಹ್ನೆ ತೆಗೆದು “ಏನ್ ಬೇಕ್ರಿ” ಎಂದು ಹಾಕಿದೆ. ಆ ಕಿಟಕಿಯಲ್ಲಿ ಕನ್ನಡದ ಒತ್ತಕ್ಷರಗಳು ಜಾಗ ಬಿಟ್ಟು ಕೂತವು. ಕೂತರೆ ಕೂಡಲಿ, ಕೇಳುವುದು ಕನ್ನಡದಲ್ಲೇ ಕೇಳಲಿ ಎಂದು ಬಿಟ್ಟೆ. ಉದ್ದುದ್ದ ಕಮಾಂಡುಗಳಿಗೆ ಅಡ್ಡಹೆಸರು ಇಟ್ಟೆ. “ಕಸ” ಎಂದರೆ ಗಿರಾಕಿಗಳ ಆಧಾರ್, ಅಂಕಪಟ್ಟಿಗಳ ಹಳೆಯ ಸ್ಕ್ಯಾನುಗಳೆಲ್ಲ ಅಳಿಸಿಹೋಗಬೇಕು. ಅಡುಗೆಮನೆಯಲ್ಲಿದ್ದಾಗಲೂ ಕೆಲಸ ಎಲ್ಲಿಗೆ ಬಂತು ಎಂದು ನೋಡಲು, ನನ್ನ ಫೋನಿನಿಂದಲೇ ಕಂಪ್ಯೂಟರಿನ ಒಳಹೊಕ್ಕು ಕಮಾಂಡ್ ಕೊಡುವ ದಾರಿಯನ್ನೂ ಮಾಡಿಕೊಂಡೆ.

ಮಹಾನವಮಿಗೆ ದುಡಿಮೆಯ ಸಾಮಾನುಗಳಿಗೆ ಮಾಡುವ ಖಂಡೇ ಪೂಜೆ ಬಂತು. ಖಾಲಿ ಮಗ್ಗಕ್ಕೆ ಪೂಜೆ ಸಲ್ಲುವುದಿಲ್ಲ, ಅರೆ ನೇಯ್ದ ಸೀರೆ ಮೇಲಿರಬೇಕು ಎಂಬುದು ಅತ್ತೆಯ ಕಾಲದ ಪದ್ಧತಿ. ಅದೇ ಲೆಕ್ಕದಲ್ಲಿ ಕಂಪ್ಯೂಟರ್ ಚಾಲೂ ಇರಬೇಕು, ಪ್ರಿಂಟರಿನ ತುಂಬ ಹಾಳೆ ಇರಬೇಕು. ಅತ್ತೆ ಎರಡಕ್ಕೂ ವಿಭೂತಿ, ಕುಂಕುಮ ಹಚ್ಚಿ, ಮೊಳದುದ್ದದ ಚೆಂಡುಹೂವಿನ ಮಾಲೆ ಹಾಕಿದರು. ಪೂಜೆ ಆದ ಮೇಲೆ ಮರುದಿನ ಸಂಜೆ ಬನ್ನಿ ಹಂಚುವ ತನಕ ಯಾರೂ ಮುಟ್ಟುವ ಹಾಗಿಲ್ಲ, ಆರಿಸಲಿಕ್ಕೂ ಇಲ್ಲ. ಹೀಗಾಗಿ ಅದು ರಾತ್ರಿಯಿಡೀ ಹೂವಿನೊಳಗೆ ಗುಂಯ್ ಎನ್ನುತ್ತ ಕೂತಿತ್ತು.

ಮರುದಿನ ಮಧ್ಯಾಹ್ನ ಹಿಂದಿನ ಓಣಿಯ ಹುಡುಗಿ ಓಡುತ್ತ ಬಂದಳು. ಬೆಳಗಾದರೆ ಕಲಬುರಗಿಯಲ್ಲಿ ಸರಕಾರಿ ಕೆಲಸದ ಪರೀಕ್ಷೆ, ಮೂರು ಗಂಟೆಗೆ ಬಸ್ಸು. ವಯಸ್ಸಿನ ಮಿತಿ ಮುಗಿಯುತ್ತ ಬಂದಿದೆ, ಇದೇ ಅವಳಿಗೆ ಕೊನೆಯ ಅವಕಾಶ. ಹಾಲ್ ಟಿಕೆಟ್ ನೆಟ್ಟಿನಲ್ಲಿ ಸಿಕ್ಕಿದ್ದೇ ಆಗ, ಹಾಳೆಯ ಮೇಲೆ ಇರದಿದ್ದರೆ ಒಳಗೆ ಬಿಡುವುದಿಲ್ಲ.

“ಅಕ್ಕಾರ, ಗದಗ ಪೂರಾ ತಿರುಗಿ ಬಂದೆ. ಎಲ್ಲಾ ಅಂಗಡಿ ಪೂಜಿ ಮಾಡಿ ಬಾಗಲಾ ಹಾಕ್ಯಾರ. ಕಲಬುರಗ್ಯಾಗ ಮುಂಜಾನಿ ಯಾರು ಅಂಗಡಿ ತಗದಿರತಾರ್ರಿ?”

ನಾನು ಅತ್ತೆಯ ಮುಖ ನೋಡಿದೆ. ಅವರು ಅಲ್ಲೇ ಗೋಡೆಗೆ ಒರಗಿ ಕೂತು ಬತ್ತಿ ಹೊಸೆಯುತ್ತಿದ್ದರು.

“ಸಂಜಿಗೆ ಬನ್ನಿ ಆಗ್ಲಿ. ವರ್ಷಾನಗಟ್ಲೆ ದುಡದೈತಿ, ಒಂದಿನ ಕೈ ಹಚ್ಚಬ್ಯಾಡ್ರಿ,” ಎಂದರು.

“ಸಂಜಿಗೆ ಬಸ್ಸ ಇಲ್ರಿ ಅತ್ತಿ.”

“ಕೈ ಹಚ್ಚಂಗಿಲ್ಲ ಅಂದ್ರ ಹಚ್ಚಂಗಿಲ್ಲ.”

ನನಗೆ ಸಿಟ್ಟು ಬಂತು, ಖರೆ. ಆದರೆ ಆ ಸಿಟ್ಟಿನಲ್ಲೇ ತಲೆಗೆ ಹೊಳೆಯಿತು: ಕೈ ಹಚ್ಚಬೇಡ ಅಂದಿದ್ದಾರೆ, ಮಾತಾಡಿಸಬೇಡ ಅಂದಿಲ್ಲವಲ್ಲ. ಹುಡುಗಿಯ ಟಿಕೆಟನ್ನು ನನ್ನ ಫೋನಿಗೆ ತರಿಸಿಕೊಂಡೆ. ಹೊಸ್ತಿಲ ಮೇಲೆ ಕೂತು ಟರ್ಮಿನಲ್ ತೆರೆದು ಕಂಪ್ಯೂಟರಿನ ಒಳಗೆ ಹೋದೆ. “ಏನ್ ಬೇಕ್ರಿ” ಎಂದಿತು. ಟಿಕೆಟನ್ನು ಅತ್ತ ಕಳಿಸಿ, ಮುದ್ರಿಸು ಎನ್ನುವ ಎಲ್‌ಪಿ ಕಮಾಂಡ್ ಬರೆದೆ. ಅಂಥ ಕಮಾಂಡ್ ಇಲ್ಲ ಎಂದು ಉತ್ತರ ಬಂತು. ಈ ಫೋನಿನ ಅತಿಶಾಣ್ಯಾತನಕ್ಕೆ ಬೆಂಕಿ ಬೀಳಲಿ, ತಾನಾಗಿ ಮೊದಲ ಇಂಗ್ಲಿಷ್ ಅಕ್ಷರವನ್ನು ದೊಡ್ಡದು ಮಾಡಿಬಿಟ್ಟಿತ್ತು; ಟರ್ಮಿನಲ್ಲಿಗೆ ಸಣ್ಣಕ್ಷರವೇ ಆಗಬೇಕು. ತಿದ್ದಿ ಮತ್ತೆ ಒತ್ತಿದೆ.

ಹೂವಿನೊಳಗೆ ಪ್ರಿಂಟರ್ ಕಟಕಟ ಎಂದಿತು. ಹುಡುಗಿ ನನ್ನ ರಟ್ಟೆ ಹಿಡಿದುಕೊಂಡಳು. ಅತ್ತೆಯ ಕೈಯಲ್ಲಿದ್ದ ಬತ್ತಿ ಕೆಳಗೆ ಬಿತ್ತು.

“ಯಾರು ಮುಟ್ಟಿದ್ರಲೇ?”

“ಯಾರೂ ಮುಟ್ಟಿಲ್ರಿ ಅತ್ತಿ. ಇಲ್ಲೇ ಕುಂತು ಕೇಳಿದೆ, ಅದು ಹೂಂ ಅಂತು.”

ನನಗೆ ಕುಣಿಯುವಷ್ಟು ಖುಷಿ. ಆದರೆ ಹಾಳೆ ಅರ್ಧ ಹೊರಗೆ ಬಂದು ಮಾಲೆಗೆ ತಡೆದು ಬಾಗಿ ನಿಂತಿತು. ಮೇಲಿನ ಅರ್ಧವಷ್ಟೇ ಕಾಣುತ್ತಿತ್ತು, ಅದರಲ್ಲಿ ಹುಡುಗಿಯ ಫೋಟೊ. ಪ್ರಿಂಟರಿನ ಕೆಂಪು ದೀಪ ಮಿಣುಕತೊಡಗಿತು. ಹಾಗೇ ಬಿಟ್ಟರೆ ಒಳಗಿನ ಅರ್ಧ ಮಡಚಿ ಮುದ್ದೆಯಾಗುತ್ತದೆ. ಮಾಲೆ ಎತ್ತುವ ಕಮಾಂಡ್ ಯಾವುದೂ ನನಗೆ ಬರುವುದಿಲ್ಲ. ನಾನು ಎದ್ದೆ, ಅತ್ತೆಯ ಮುಖ ನೋಡಿ ಅಲ್ಲೇ ನಿಂತೆ.

ಅತ್ತೆ ಹಾಳೆಯ ಮೇಲಿನ ಮುಖ ನೋಡಿದರು, ಹೊಸ್ತಿಲಲ್ಲಿದ್ದ ಮುಖ ನೋಡಿದರು. ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಮೇಲೆದ್ದರು.

“ಅರ್ಧ ಹೊರಗ ಬಂದ ಕೂಸಿನ್ನ ಹಂಗಽ ಬಿಡಾಕ ಬರತೈತೇನು?” ಎನ್ನುತ್ತ ಹೋಗಿ ಮಾಲೆಯನ್ನು ಸರಿಸಿದರು. “ಪೂಜಿ ಮಾಡಿದಾಕಿ ನಾನು. ದೇವ್ರು ಕೇಳಿದ್ರ ನನ್ನ ಕೇಳ್ತಾನ. ನೀ ದೂರ ನಿಂದರು.”

ಉಳಿದರ್ಧ ಹಾಳೆ ಸರ್ರನೆ ಹೊರಗೆ ಬಂತು. ಅತ್ತೆ ಅದನ್ನು ಸೆರಗಿನ ಮೇಲೆ ಇಟ್ಟುಕೊಂಡು ಬೆರಳಿನಿಂದ ನೀವಿದರು. ನಡುವೆ ಒಂದು ಗೆರೆ ಬಿದ್ದಿತ್ತು, ಚೆಂಡುಹೂವಿನ ಹಳದಿ ಹತ್ತಿತ್ತು. ಅವರಿಗೆ ಸಮಾಧಾನ ಆಗಲಿಲ್ಲ.

“ಇದನ್ನ ನೋಡಿ ಹೊರಗ ನಿಂದರ್ಸಿದ್ರ? ಇನ್ನೊಂದು ಕೇಳು ಅದನ್ನ,” ಎಂದರು.

ನಾನು ಮತ್ತೆ ಹೊಸ್ತಿಲ ಮೇಲೆ ಕೂತು ಅದೇ ಸಾಲನ್ನು ಕರೆದು ಎಂಟರ್ ಒತ್ತಿದೆ. ಎರಡನೆಯ ಹಾಳೆ ಪೂರ್ತಿ ಹೊರಗೆ ಬರುವ ತನಕ ಅತ್ತೆ ಆ ಮಾಲೆಯನ್ನು ಎರಡೂ ಕೈಯಿಂದ ಮೇಲೆ ಎತ್ತಿ ಹಿಡಿದುಕೊಂಡು ನಿಂತಿದ್ದರು.